ಸಮುದ್ರವಿಲ್ಲದ ಊರಿನ ನೌಕಾಪಡೆ

— ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಇಂಜಿನಿಯರ್, ಬೆಂಗಳೂರು

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ: ಈ ನಾಲ್ಕು ತಾಲ್ಲೂಕುಗಳ ಯಾವ ಬೆಟ್ಟದ ತುದಿಯಲ್ಲಿ ನಿಂತರೂ ಸಮುದ್ರ ಕಾಣುವುದಿಲ್ಲ. ಕರೀಘಟ್ಟ ಹತ್ತಿದರೆ ಹೊಳೆ ಕಾಣುತ್ತದೆ, ಕುಂತಿಬೆಟ್ಟ ಹತ್ತಿದರೆ ಕಬ್ಬಿನ ಗದ್ದೆಗಳು ಮತ್ತು ಕೆರೆಗಳು ಕಾಣುತ್ತವೆ. ಶ್ರೀರಂಗಪಟ್ಟಣ ಸಮುದ್ರ ಮಟ್ಟದಿಂದ ಸುಮಾರು 680 ಮೀಟರ್ ಎತ್ತರದಲ್ಲಿದೆ. ಮಂಗಳೂರು ಬಂದರಿಗೆ ಹೋಗಬೇಕಾದರೆ ಘಟ್ಟ ಇಳಿದು ಸುಮಾರು 250 ಕಿ.ಮೀ. ದಾರಿ ಸವೆಸಬೇಕು. ಹೀಗಿದ್ದರೂ 1796ರಲ್ಲಿ ಇದೇ ಶ್ರೀರಂಗಪಟ್ಟಣದ ಕೋಟೆಯೊಳಗೆ ಕುಳಿತು, ಸುಮಾರು 40 ಯುದ್ಧನೌಕೆಗಳನ್ನು ಕಟ್ಟುವುದಕ್ಕೂ ಅವುಗಳನ್ನು ನಡೆಸುವ ಅಧಿಕಾರಿಗಳನ್ನು ತಯಾರು ಮಾಡುವುದಕ್ಕೂ ಹುಕುಂ ಬರೆಯಲಾಯಿತು.

ಹೈಸ್ಕೂಲಿನಲ್ಲಿ ನಾವೆಲ್ಲ ನಾಲ್ಕು ಮೈಸೂರು ಯುದ್ಧಗಳನ್ನು ಇಸವಿ ಸಮೇತ ಬಾಯಿಪಾಠ ಮಾಡಿದ್ದೇವೆ. ಮದ್ರಾಸು, ಮಂಗಳೂರು, ಶ್ರೀರಂಗಪಟ್ಟಣ ಒಪ್ಪಂದಗಳ ಷರತ್ತುಗಳನ್ನು ಐದು ಅಂಕದ ಪ್ರಶ್ನೆಗೆ ಬರೆದಿದ್ದೇವೆ. ರಾಕೆಟ್ಟಿನ ವಿಷಯವೂ ಗೊತ್ತು. ಆದರೆ ಹಡಗಿನ ವಿಷಯ ಪಾಠದಲ್ಲಿ ಹೆಚ್ಚೆಂದರೆ ಒಂದು ಸಾಲು. ಟಿಪ್ಪು ಸುಲ್ತಾನನ ಬಗ್ಗೆ ಇಂದು ಹೊಗಳಿಕೆಯೂ ತೆಗಳಿಕೆಯೂ ಸಾಕಷ್ಟಿದೆ. ಈ ಲೇಖನದ ವಿಷಯ ಅದಲ್ಲ. ನೆಲದ ಮೇಲಿನ ಒಂದು ರಾಜಧಾನಿ ಸಮುದ್ರಕ್ಕೆ ಹೇಗೆ ಸಿದ್ಧವಾಯಿತು, ಆ ಸಿದ್ಧತೆ ಎಲ್ಲಿ ನಿಂತುಹೋಯಿತು ಎಂಬುದನ್ನಷ್ಟೇ ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಯ ಓದುಗರ ಮುಂದಿಡಲು ಪ್ರಯತ್ನಿಸಿದ್ದೇನೆ.

ಹೈದರಾಲಿ ಕಲಿತ ಪಾಠ

1763ರಲ್ಲಿ ಹೈದರಾಲಿ ಬಿದನೂರನ್ನು, ಅಂದರೆ ಇಂದಿನ ಹೊಸನಗರ ತಾಲ್ಲೂಕಿನ ನಗರವನ್ನು, ಗೆದ್ದುಕೊಂಡ. ಕೆಳದಿ ಅರಸರ ಆ ರಾಜ್ಯದ ಜೊತೆಗೆ ಮಂಗಳೂರು, ಹೊನ್ನಾವರ ಮುಂತಾದ ಬಂದರುಗಳೂ ಮೈಸೂರಿನ ವಶಕ್ಕೆ ಬಂದವು. ಮೊದಲ ಬಾರಿಗೆ ಒಂದು ದೊಡ್ಡ ಕರಾವಳಿ ಶ್ರೀರಂಗಪಟ್ಟಣದ ಕೈಗೆ ಸಿಕ್ಕಿತು. ಹೈದರಾಲಿ ತಡಮಾಡದೆ ಹಡಗು ಕಟ್ಟಿಸಲು ಶುರುಮಾಡಿದ. ಮಂಗಳೂರಿನ ಹಿಂದೆ ಘಟ್ಟದ ತೇಗದ ಕಾಡುಗಳಿದ್ದವು. ಕರಾವಳಿಯಲ್ಲಿ ತಲೆತಲಾಂತರದಿಂದ ಮರದ ಹಡಗು ಕಟ್ಟಿ ಬಲ್ಲ ಬಡಗಿಗಳಿದ್ದರು. ಕಡಲನ್ನೇ ನಂಬಿ ಬದುಕಿದ ಮೊಗವೀರರು, ಖಾರ್ವಿಗಳು, ಮಾಪಿಳ್ಳೆಗಳು ಇದ್ದರು. ಮರ, ಕೈ, ಕಸುಬು ಮೂರೂ ಅಲ್ಲೇ ಇತ್ತು.

1768ರಲ್ಲಿ, ಮೊದಲನೆಯ ಮೈಸೂರು ಯುದ್ಧ ನಡೆಯುತ್ತಿರುವಾಗ, ಮುಂಬಯಿಯಿಂದ ಇಂಗ್ಲಿಷರ ನೌಕಾಪಡೆ ಮಂಗಳೂರಿನ ಮೇಲೆ ಬಂತು. ಆ ಹೊತ್ತಿಗೆ ಮೈಸೂರಿನ ಹಡಗುಗಳ ಮುಖ್ಯಸ್ಥನಾಗಿದ್ದವನು ಲುತ್ಫ್ ಅಲಿ ಬೇಗ್ ಎಂಬ ಕುದುರೆ ಪಡೆಯ ಅಧಿಕಾರಿ. ನೆಲದ ಯುದ್ಧದಲ್ಲಿ ಅನುಭವವಿದ್ದ ಅವನನ್ನು ಕಡಲಿನವರ ಮೇಲೆ ತಂದು ಕೂರಿಸಲಾಗಿತ್ತು. ಹಡಗಿನ ಕಪ್ತಾನರಿಗೆ ಇದು ಸಹಿಸಲಾಗಲಿಲ್ಲ. ಹಡಗುಗಳಲ್ಲಿ ಒಂದು ಭಾಗ ಯುದ್ಧವನ್ನೇ ಮಾಡದೆ ಇಂಗ್ಲಿಷರ ಕಡೆಗೆ ಹೋಗಿ ಸೇರಿಕೊಂಡಿತು. ಕೆಲವೇ ತಿಂಗಳಲ್ಲಿ ಹೈದರ್ ಮತ್ತು ಟಿಪ್ಪು ಮಂಗಳೂರನ್ನು ಮರಳಿ ಪಡೆದರು. ಹೋದ ಹಡಗುಗಳು ಮಾತ್ರ ಬರಲಿಲ್ಲ.

ಹೈದರಾಲಿ ಮತ್ತೆ ಕಟ್ಟಿಸಿದ. 1780ರ ಡಿಸೆಂಬರಿನಲ್ಲಿ ಅಡ್ಮಿರಲ್ ಎಡ್ವರ್ಡ್ ಹ್ಯೂಸ್ ಮಂಗಳೂರಿಗೆ ಬಂದು ಅಲ್ಲಿದ್ದ ಮೈಸೂರಿನ ಹಡಗುಗಳನ್ನು ನಾಶಮಾಡಿದ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನ ಬಯಲಿನಲ್ಲಿ ಮೈಸೂರು ಸೈನ್ಯ ಕರ್ನಲ್ ಬೈಲಿಯ ತುಕಡಿಯನ್ನು ಪೂರ್ತಿಯಾಗಿ ಸೋಲಿಸಿತ್ತು. ನೆಲದ ಮೇಲೆ ಅಷ್ಟು ದೊಡ್ಡ ಗೆಲುವು, ಮೂರೇ ತಿಂಗಳಲ್ಲಿ ನೀರಿನ ಮೇಲೆ ಅಷ್ಟೇ ದೊಡ್ಡ ನಷ್ಟ. ತನ್ನ ಕೊನೆಯ ದಿನಗಳಲ್ಲಿ ಹೈದರಾಲಿ ಪೂರ್ಣಯ್ಯನವರ ಬಳಿ ಒಂದು ಮಾತು ಹೇಳಿದನೆಂದು ಇತಿಹಾಸಕಾರ ಮಾರ್ಕ್ ವಿಲ್ಕ್ಸ್ ಬರೆದಿದ್ದಾನೆ. ಇಂಗ್ಲಿಷರನ್ನು ನೆಲದ ಮೇಲೆ ಎಷ್ಟು ಸಲ ಸೋಲಿಸಿದರೂ ಅವರು ಬರುವ ಸಮುದ್ರವನ್ನು ಬತ್ತಿಸಲು ತನ್ನಿಂದಾಗದು ಎಂಬುದು ಅದರ ಸಾರ.

ಇನ್ನೊಬ್ಬರ ಹಡಗನ್ನು ನಂಬಿ

ಸ್ವಂತ ನೌಕಾಪಡೆ ಇಲ್ಲದವರಿಗೆ ಉಳಿಯುವ ದಾರಿ ಮಿತ್ರರ ನೌಕಾಪಡೆ. 1782ರಲ್ಲಿ ಫ್ರೆಂಚ್ ಅಡ್ಮಿರಲ್ ಸಫ್ರೆನ್ ಕೋರಮಂಡಲ ಕರಾವಳಿಗೆ ಬಂದ. ಹ್ಯೂಸನ ಹಡಗುಗಳ ಜೊತೆ ಒಂದರ ಹಿಂದೊಂದು ಕದನ ಮಾಡಿದ. ಜುಲೈಯಲ್ಲಿ ಕಡಲೂರಿನ ಬಳಿ ಹೈದರಾಲಿಯನ್ನು ಭೇಟಿಯೂ ಆದ. ಡಿಸೆಂಬರಿನಲ್ಲಿ ಹೈದರಾಲಿ ತೀರಿಕೊಂಡ. ಮರುವರ್ಷ ಟಿಪ್ಪು ಮಂಗಳೂರಿನ ಕೋಟೆಯನ್ನು ಮುತ್ತಿಕೊಂಡಿದ್ದಾಗ ಯುರೋಪಿನಲ್ಲಿ ಫ್ರೆಂಚರಿಗೂ ಇಂಗ್ಲಿಷರಿಗೂ ಸಂಧಿಯಾದ ಸುದ್ದಿ ಬಂತು. ಜೊತೆಗಿದ್ದ ಫ್ರೆಂಚ್ ಸೈನಿಕರು ಯುದ್ಧದಿಂದ ಹಿಂದೆ ಸರಿದರು. ಮಂಗಳೂರಿನ ಮುತ್ತಿಗೆ ಪ್ಯಾರಿಸ್ಸಿನ ತೀರ್ಮಾನಕ್ಕೆ ಕಾಯಬೇಕಾಯಿತು. 1784ರ ಮಾರ್ಚ್ 11ರಂದು ಮಂಗಳೂರು ಒಪ್ಪಂದವಾಯಿತು.

ಫ್ರೆಂಚರ ನೆನಪು ನಮ್ಮ ಸೀಮೆಯಲ್ಲಿ ಬಹಳ ಕಾಲ ಉಳಿದಿತ್ತು. ಇಂದಿನ ಪಾಂಡವಪುರವನ್ನು ಇಂಗ್ಲಿಷರು ಕರೆಯುತ್ತಿದ್ದದ್ದು ಫ್ರೆಂಚ್ ರಾಕ್ಸ್ ಎಂದು. ಹೈದರ್ ಮತ್ತು ಟಿಪ್ಪುವಿನ ಕೈಕೆಳಗಿದ್ದ ಫ್ರೆಂಚ್ ಪಡೆಗಳು ಅಲ್ಲಿ ಬೀಡು ಬಿಟ್ಟಿದ್ದರಿಂದ ಆ ಹೆಸರು. ನಮ್ಮ ಜನರ ಬಾಯಲ್ಲಿ ಅದು ಹಿರೋಡೆ.

ಒಪ್ಪಂದದ ವರ್ಷವಾದ 1784ರಲ್ಲೇ ಶ್ರೀರಂಗಪಟ್ಟಣದ ದರಿಯಾ ದೌಲತ್ ಕಟ್ಟಿದ್ದು. ಪ್ರವಾಸಕ್ಕೆ ಹೋದ ಪ್ರತಿ ಶಾಲೆಯ ಮಕ್ಕಳೂ ಅದರ ಗೋಡೆಯ ಮೇಲಿನ ಪೊಳ್ಳಿಲೂರು ಯುದ್ಧದ ಚಿತ್ರ ನೋಡುತ್ತಾರೆ. ಹೆಸರಿನ ಅರ್ಥ ಯಾರೂ ಕೇಳುವುದಿಲ್ಲ. ಪಾರಸಿಯಲ್ಲಿ ದರಿಯಾ ಎಂದರೆ ಕಡಲು, ದೊಡ್ಡ ನದಿಗೂ ಅದೇ ಮಾತು. ದೌಲತ್ ಎಂದರೆ ಸಂಪತ್ತು.

ಕಡಲಿನ ಸಂಪತ್ತು ಏನೆಂದು ಟಿಪ್ಪುವಿಗೆ ಗೊತ್ತಿತ್ತು. ಮಸ್ಕತ್ತಿನಲ್ಲಿ ಮೈಸೂರಿನ ವ್ಯಾಪಾರದ ಕೋಠಿ ಇತ್ತು. ಗಂಧ, ಮೆಣಸು, ಏಲಕ್ಕಿ ಅಲ್ಲಿಗೆ ಹೋಗುತ್ತಿದ್ದವು. ಅಲ್ಲಿನ ತನ್ನ ಪ್ರತಿನಿಧಿಗೆ ಬರೆದ ಕಾಗದಗಳಲ್ಲಿ ರೇಷ್ಮೆ ಹುಳು ಕಳಿಸು ಎಂದು ಕೇಳಿದಂತೆಯೇ, ಅರಬ್ಬರ ಡೌ ಹಡಗು ಕಟ್ಟಬಲ್ಲ ಬಡಗಿಗಳನ್ನು ಕಳಿಸು ಎಂದೂ ಟಿಪ್ಪು ಕೇಳಿದ್ದಾನೆ. 1786ರಲ್ಲಿ ಉತ್ತರ ಕನ್ನಡದ ತದಡಿ ಬಂದರಿನಿಂದ ನಾಲ್ಕು ಹಡಗುಗಳಲ್ಲಿ ರಾಯಭಾರಿಗಳ ತಂಡವೊಂದು ಮಸ್ಕತ್, ಬಸ್ರಾ ಮಾರ್ಗವಾಗಿ ಕಾನ್‌ಸ್ಟಾಂಟಿನೋಪಲ್ಲಿಗೆ ಹೊರಟಿತು. ದಾರಿಯಲ್ಲಿ ಹಡಗುಗಳನ್ನೂ ಜನರನ್ನೂ ಕಳೆದುಕೊಂಡು ಆ ಪ್ರಯಾಣ ಬಹಳ ದುಬಾರಿಯಾಯಿತು. ಕಡಲಿಗೆ ಇಳಿಯುವ ಆಸೆಗೂ ಕಡಲನ್ನು ದಾಟುವ ಅನುಭವಕ್ಕೂ ಇರುವ ಅಂತರ ಆಗಲೇ ಕಾಣಿಸಿತ್ತು.

ಕಡಲಿನಿಂದ ಬಂದ ಸೈನ್ಯ ಕನ್ನಂಬಾಡಿ ಬಾಗಿಲಲ್ಲಿ

ಮೂರನೆಯ ಮೈಸೂರು ಯುದ್ಧವನ್ನು ನಾವು ಕಾರ್ನ್‌ವಾಲಿಸನ ಯುದ್ಧ ಎಂದು ಓದುತ್ತೇವೆ. ಅದನ್ನೇ ಸ್ವಲ್ಪ ಬದಲಾಯಿಸಿ ಹಡಗಿನ ಕಣ್ಣಿನಿಂದ ನೋಡೋಣ. ಕಾರ್ನ್‌ವಾಲಿಸನ ದೊಡ್ಡ ಸೈನ್ಯ ಮದ್ರಾಸಿನ ಕಡೆಯಿಂದ ಬಂತು. ಜನರಲ್ ಅಬರ್‌ಕ್ರೋಂಬಿಯ ಇನ್ನೊಂದು ಸೈನ್ಯ ಮುಂಬಯಿಯದು. ಅದು ಹಡಗಿನಲ್ಲಿ ಮಲಬಾರಿಗೆ ಬಂದು ಕಣ್ಣೂರಿನಿಂದ ಘಟ್ಟ ಹತ್ತಿ, ಕೊಡಗಿನ ಮೂಲಕ ಪಿರಿಯಾಪಟ್ಟಣಕ್ಕೆ ಇಳಿಯಿತು. 1791ರ ಮೇ ತಿಂಗಳಲ್ಲಿ ಅರಕೆರೆಯ ಬಳಿ ಕದನವಾದ ಮೇಲೆ ಕಾರ್ನ್‌ವಾಲಿಸ್ ಈ ಸೈನ್ಯವನ್ನು ಕೂಡಿಕೊಳ್ಳಲೆಂದೇ ಕನ್ನಂಬಾಡಿಯವರೆಗೆ ಬಂದ. ಮಳೆ ಶುರುವಾಗಿತ್ತು. ಸುತ್ತಲಿನ ಹಳ್ಳಿಗಳಲ್ಲಿ ಒಂದು ಕಾಳು ಸಿಗದಂತೆ ಟಿಪ್ಪು ಮೊದಲೇ ಖಾಲಿ ಮಾಡಿಸಿದ್ದ. ಎತ್ತುಗಳು ಸತ್ತವು. ಎಳೆಯಲು ಎತ್ತಿಲ್ಲದೆ ಕಾರ್ನ್‌ವಾಲಿಸ್ ತನ್ನ ಮುತ್ತಿಗೆಯ ದೊಡ್ಡ ಫಿರಂಗಿಗಳನ್ನು ಕನ್ನಂಬಾಡಿಯಲ್ಲೇ ಒಡೆಸಿ ಹಿಂದಿರುಗಿದ. ದಾರಿಯಲ್ಲಿ ಮೇಲುಕೋಟೆಯ ಆಸುಪಾಸಿನಲ್ಲಿ ಅವನಿಗೆ ಮರಾಠರ ಸೈನ್ಯ ಎದುರಾಗಿ, ಅವರಿಂದ ದವಸ ಸಿಕ್ಕಿತು.

ಮುಂದಿನ ಫೆಬ್ರವರಿಯಲ್ಲಿ ಎಲ್ಲರೂ ಮತ್ತೆ ಬಂದರು. ಈ ಸಲ ಬೀಡು ಬಿಟ್ಟದ್ದು ಫ್ರೆಂಚ್ ರಾಕ್ಸ್ ಬಳಿ. 1792ರ ಒಪ್ಪಂದದಲ್ಲಿ ಮೈಸೂರು ಅರ್ಧ ರಾಜ್ಯ ಕಳೆದುಕೊಂಡಿತು, 3 ಕೋಟಿ 30 ಲಕ್ಷ ರೂಪಾಯಿ ಕೊಡಲು ಒಪ್ಪಿತು, ಟಿಪ್ಪುವಿನ ಇಬ್ಬರು ಮಕ್ಕಳು ಒತ್ತೆಯಾದರು. ಆ ಹಣವನ್ನು ಭರಿಸಿದ್ದು ಕೊನೆಗೆ ರೈತರೇ. ನಾಗಮಂಗಲ ಈ ಯುದ್ಧದಲ್ಲಿ ಮರಾಠರ ದಾಳಿಗೆ ಸಿಕ್ಕು ಹಾಳಾಯಿತು. ಪಾಂಡವಪುರದ ಹೊಲಗಳು, ಅಂದು ಅತ್ತಿಕುಪ್ಪೆ ಎನ್ನುತ್ತಿದ್ದ ಕೆ.ಆರ್. ಪೇಟೆಯ ಕಡೆಯ ಸೀಮೆ, ಶ್ರೀರಂಗಪಟ್ಟಣದ ಸುತ್ತಿನ ಹಳ್ಳಿಗಳು, ಎಲ್ಲವೂ ಸೈನ್ಯಗಳು ತುಳಿದಾಡುವ ನೆಲವಾದವು. ಸಮುದ್ರವನ್ನು ಯಾರು ಆಳುತ್ತಾರೆ ಎಂಬ ಪ್ರಶ್ನೆಗೆ ಬೆಲೆ ಕೊಟ್ಟವರಲ್ಲಿ ಸಮುದ್ರವನ್ನೇ ಕಾಣದ ನಮ್ಮ ಹಿರಿಯರೂ ಇದ್ದರು.

ಒಪ್ಪಂದದಲ್ಲಿ ಮಲಬಾರೂ ಕೊಡಗೂ ಕೈ ತಪ್ಪಿದವು. ಮುಂಬಯಿ ಸೈನ್ಯ ಘಟ್ಟ ಹತ್ತುವ ದಾರಿ ಈಗ ಪೂರ್ತಿ ತೆರೆದುಕೊಂಡಿತು. ಮೈಸೂರಿಗೆ ಉಳಿದದ್ದು ಮಂಗಳೂರಿನಿಂದ ಸದಾಶಿವಗಡದವರೆಗಿನ ಕೆನರಾ ಕರಾವಳಿ ಮಾತ್ರ.

1796ರ ಹುಕುಂ

ಈ ಹಿನ್ನೆಲೆಯಲ್ಲಿ 1796ರ ಹುಕುಂ ಓದಿದರೆ ಅದು ಹುಚ್ಚು ಸಾಹಸ ಅನ್ನಿಸುವುದಿಲ್ಲ. ಅಲ್ಲಿಯವರೆಗೆ ವ್ಯಾಪಾರದ ಇಲಾಖೆಯ ಕೆಳಗಿದ್ದ ಹಡಗುಗಳಿಗೆ ಬೇರೆಯೇ ಇಲಾಖೆಯಾಯಿತು. ಅದರ ಮೇಲ್ವಿಚಾರಣೆಗೆ ಮೀರ್ ಯಮ್ ಎಂಬ ಬಿರುದಿನ 11 ಅಧಿಕಾರಿಗಳು. ಇವರ ಕಚೇರಿ ಶ್ರೀರಂಗಪಟ್ಟಣದಲ್ಲಿ. ಅವರ ಕೆಳಗೆ ಮೀರ್ ಬಹರ್ ಎಂಬ 30 ನೌಕಾ ಸೇನಾನಿಗಳು. ಕಟ್ಟಬೇಕಾದ ಸುಮಾರು 40 ಹಡಗುಗಳಲ್ಲಿ ಅರ್ಧ ದೊಡ್ಡ ಯುದ್ಧನೌಕೆಗಳು, ಅವುಗಳಲ್ಲಿ ದೊಡ್ಡವಕ್ಕೆ 72 ಫಿರಂಗಿ. ಉಳಿದರ್ಧ ಫ್ರಿಗೇಟ್ ಎಂಬ ವೇಗದ ಹಡಗುಗಳು. ಕಟ್ಟುವ ಕೆಲಸ ಕರಾವಳಿಯ ಮೂರು ಕಡೆ ಹಂಚಿಕೆಯಾಯಿತು. ಮರವನ್ನು ಸರ್ಕಾರದ ಕಾಡಿನಿಂದ ಕಡಿದು ಹೊಳೆಯಲ್ಲಿ ತೇಲಿಸಿ ತರಬೇಕು. ಹಡಗಿನ ಮಾದರಿ ಶ್ರೀರಂಗಪಟ್ಟಣದಿಂದಲೇ ಹೋಗುತ್ತದೆ.

ಹಡಗಿನ ತಳಕ್ಕೆ ತಾಮ್ರದ ತಗಡು ಹೊದಿಸುವ ಮಾತೂ ಇತ್ತು. ಉಪ್ಪುನೀರಿನಲ್ಲಿ ಮರ ಕೊರೆಯುವ ಹುಳು ಹಡಗಿನ ತಳವನ್ನು ಜರಡಿ ಮಾಡಿಬಿಡುತ್ತದೆ. ಪಾಚಿ, ಚಿಪ್ಪು ಅಂಟಿಕೊಂಡರೆ ವೇಗ ಕಡಿಮೆಯಾಗುತ್ತದೆ. ತಾಮ್ರ ಎರಡನ್ನೂ ತಡೆಯುತ್ತದೆ. ಬ್ರಿಟಿಷ್ ನೌಕಾಪಡೆ ತನ್ನ ಎಲ್ಲ ಹಡಗುಗಳಿಗೂ ಇದನ್ನು ಹಾಕಲು ಶುರುಮಾಡಿ ಆಗಿನ್ನೂ 20 ವರ್ಷವೂ ಆಗಿರಲಿಲ್ಲ. ಅಂದರೆ ಶ್ರೀರಂಗಪಟ್ಟಣ ಕಾಲದ ತಂತ್ರಜ್ಞಾನಕ್ಕಿಂತ ಹಿಂದೆ ಇರಲಿಲ್ಲ.

ನನಗೆ ಬಹಳ ಮುಖ್ಯವಾಗಿ ಕಂಡದ್ದು ತರಬೇತಿಯ ವಿಷಯ. 30 ಮೀರ್ ಬಹರ್‌ಗಳಲ್ಲಿ 20 ಮಂದಿ ಹಡಗುಗಳ ಜೊತೆ ಇರಬೇಕು, 10 ಮಂದಿ ರಾಜಧಾನಿಯಲ್ಲಿದ್ದು ತರಬೇತಿ ಪಡೆಯಬೇಕು ಎಂಬ ಏರ್ಪಾಡು ಅದರಲ್ಲಿತ್ತು. ಹಡಗಿನ ಜೊತೆಗೆ ಹಡಗಿನ ಮನುಷ್ಯನನ್ನೂ ತಯಾರು ಮಾಡಬೇಕು ಎಂಬುದನ್ನು ಬರೆದವರು ಮರೆತಿರಲಿಲ್ಲ. ಈ ಹುಕುಂ ನಮಗೆ ತಿಳಿದದ್ದೂ ಒಂದು ಕಥೆಯೇ. 1799ರಲ್ಲಿ ಕೋಟೆ ಬಿದ್ದ ಮೇಲೆ ಅರಮನೆಯ ಕಾಗದಪತ್ರಗಳು ಇಂಗ್ಲಿಷರ ಕೈ ಸೇರಿದವು. ವಿಲಿಯಂ ಕರ್ಕ್‌ಪ್ಯಾಟ್ರಿಕ್ ಅವುಗಳಲ್ಲಿ ಕೆಲವನ್ನು ಪಾರಸಿಯಿಂದ ಅನುವಾದಿಸಿ 1811ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ. ನೌಕಾಪಡೆಯ ನಿಯಮಗಳೂ ಅದರಲ್ಲಿ ಸೇರಿವೆ.

ಕಾಗದಕ್ಕೂ ಕಡಲಿಗೂ ನಡುವೆ

ಸಾಫ್ಟ್‌ವೇರ್ ಕೆಲಸದಲ್ಲಿರುವ ನಮಗೆ ಇಂಥ ದಾಖಲೆ ಚೆನ್ನಾಗಿ ಪರಿಚಯ. ಪ್ರಾಜೆಕ್ಟ್ ಪ್ಲ್ಯಾನ್ ಎನ್ನುತ್ತೇವೆ. ಎಷ್ಟು ಕೆಲಸ, ಎಷ್ಟು ಜನ, ಯಾರಿಗೆ ಯಾರು ವರದಿ ಮಾಡಬೇಕು ಎಲ್ಲವೂ ಇರುತ್ತದೆ. ಆ ಕಣ್ಣಿನಿಂದಲೇ ಈ ಹುಕುಮಿನ ಲೆಕ್ಕ ಹಾಕಿ ನೋಡಿದೆ.

ಮೊದಲು ಮರ. ಆ ಕಾಲದ ಯುರೋಪಿನ ರೂಢಿಯಲ್ಲಿ 74 ಫಿರಂಗಿಯ ಒಂದು ಹಡಗಿಗೆ ಸುಮಾರು 2000 ಓಕ್ ಮರ ಬೇಕಾಗುತ್ತಿತ್ತು. ಓಕ್ ಬದಲು ತೇಗ ಎಂದುಕೊಂಡರೂ 20 ದೊಡ್ಡ ಹಡಗಿಗೆ ಒಂದು ಕಾಡೇ ಬೇಕು. ಹಸಿ ಮರದಿಂದ ಹಡಗು ಕಟ್ಟುವಂತಿಲ್ಲ, ಒಣಗಿ ಹದವಾಗಬೇಕು. ಅದಕ್ಕೇ ವರ್ಷಗಳು ಹಿಡಿಯುತ್ತವೆ.

ಇನ್ನು ಜನ. ಅಂಥ ಹಡಗೊಂದಕ್ಕೆ ಸುಮಾರು 600 ಮಂದಿ, ಫ್ರಿಗೇಟಿಗೆ 250ರಿಂದ 300. ಇಪ್ಪತ್ತು ಇಪ್ಪತ್ತು ಎಂದರೆ ಒಟ್ಟು 17 ಸಾವಿರದಿಂದ 18 ಸಾವಿರ. ಇವರಲ್ಲಿ ಬಂದೂಕು ಹಿಡಿಯುವವರು ಶ್ರೀರಂಗಪಟ್ಟಣದಲ್ಲಿ ಬೇಕಾದಷ್ಟಿದ್ದರು. ಗಾಳಿಯ ದಿಕ್ಕು ನೋಡಿ ಹಾಯಿ ತಿರುಗಿಸುವವರು, ತೂಗಾಡುವ ಹಡಗಿನ ಮೇಲೆ ಫಿರಂಗಿಯ ಗುರಿ ಹಿಡಿಯುವವರು, ರಾತ್ರಿ ನಕ್ಷತ್ರ ನೋಡಿ ದಾರಿ ಹೇಳುವವರು ಎಲ್ಲಿಂದ ಬರಬೇಕು?

ಕೊನೆಯದು ಕಾಲ. ಬ್ರಿಟಿಷ್ ನೌಕಾಪಡೆಯಲ್ಲಿ ಆಗ ಒಬ್ಬ ಹುಡುಗ ಲೆಫ್ಟಿನೆಂಟ್ ಪರೀಕ್ಷೆಗೆ ಕೂರಬೇಕಾದರೆ ಕಡಿಮೆಯೆಂದರೆ ಆರು ವರ್ಷ ಕಡಲಿನಲ್ಲಿ ಕೆಲಸ ಮಾಡಿರಬೇಕಿತ್ತು. ಹನ್ನೆರಡು ಹದಿಮೂರು ವಯಸ್ಸಿಗೇ ಹಡಗು ಹತ್ತುತ್ತಿದ್ದರು. ಶ್ರೀರಂಗಪಟ್ಟಣದ ಹುಕುಂ ಹೊರಟದ್ದು 1796ರ ಸೆಪ್ಟೆಂಬರಿನಲ್ಲಿ. ಕೋಟೆ ಬಿದ್ದದ್ದು 1799ರ ಮೇ 4ರಂದು. ನಡುವೆ ಇದ್ದದ್ದು ಎರಡು ವರ್ಷ ಎಂಟು ತಿಂಗಳು. 40 ಹಡಗಿನ ಮಾತು ಇರಲಿ, ಒಬ್ಬ ಲೆಫ್ಟಿನೆಂಟನನ್ನು ತಯಾರು ಮಾಡಲೂ ಅಷ್ಟು ಕಾಲ ಸಾಲದು. ಯೋಜನೆಯ ಬಹುಪಾಲು ಕಾಗದದ ಮೇಲೇ ಉಳಿಯಿತು.

ಕಡಲು ಬಲ್ಲವರು ಇರಲಿಲ್ಲವೇ? ಇದ್ದರು, ಅವರನ್ನು ನಡೆಸಿಕೊಂಡ ರೀತಿ ಬೇರೆಯಾಗಿತ್ತು. 1782ರಲ್ಲಿ ಸಫ್ರೆನ್ ಹಿಡಿದ ಹ್ಯಾನಿಬಲ್ ಎಂಬ ಬ್ರಿಟಿಷ್ ಹಡಗಿನ ನಾವಿಕರನ್ನು ಹೈದರಾಲಿಯ ವಶಕ್ಕೆ ಕೊಡಲಾಯಿತು. ಅವರಲ್ಲಿ ಜೇಮ್ಸ್ ಸ್ಕರಿ ಎಂಬ ಹದಿಹರೆಯದ ಹುಡುಗನೂ ಇದ್ದ. ಹುಡುಗರನ್ನು ಶ್ರೀರಂಗಪಟ್ಟಣಕ್ಕೆ ತಂದು, ಬಲವಂತವಾಗಿ ಮತ ಬದಲಾಯಿಸಿ, ಚೇಲಾ ಎಂಬ ತುಕಡಿಗಳಿಗೆ ಸೇರಿಸಿ ನೆಲದ ಕವಾಯತು ಮಾಡಿಸಲಾಯಿತು. ಹಗ್ಗ, ಹಾಯಿ ಬಲ್ಲ ಕೈಗಳು ವರ್ಷಗಟ್ಟಲೆ ಕೋಟೆಯೊಳಗೆ ಬಂದೂಕು ಹಿಡಿದು ನಿಂತವು. ಸೆರೆಯಲ್ಲಿಟ್ಟವನಿಗೆ ಯಾರೂ ಮನಸ್ಸಿಟ್ಟು ವಿದ್ಯೆ ಕಲಿಸುವುದಿಲ್ಲ. 1784ರಲ್ಲಿ ಕೆನರಾ ಕರಾವಳಿಯ ಸಾವಿರಾರು ಕ್ರೈಸ್ತರನ್ನೂ ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ತರಲಾಗಿತ್ತು. ಕರಾವಳಿಯ ಜನರ ನಂಬಿಕೆ ಇಲ್ಲದೆ ಕರಾವಳಿಯ ನೌಕಾಪಡೆ ಬೆಳೆಯುವುದು ಕಷ್ಟ. 1768ರಲ್ಲಿ ಕಪ್ತಾನರ ಮೇಲೆ ಕುದುರೆ ಸವಾರನನ್ನು ಕೂರಿಸಿದಾಗ ಆದದ್ದೂ ಇದೇ. ಮರ ಕಡಿಸಬಹುದು, ಹಣ ಕೂಡಿಸಬಹುದು, ಮಾದರಿ ಕಳಿಸಬಹುದು. ಅನುಭವವನ್ನೂ ವಿಶ್ವಾಸವನ್ನೂ ಹುಕುಂ ಬರೆದು ತರಿಸಲಾಗದು.

ಶ್ರೀರಂಗಪಟ್ಟಣ ಕಡಲಿಗೆ ಇಳಿದದ್ದು

ಹೋಲಿಕೆಗೆ ಮುಂಬಯಿಯನ್ನು ನೋಡಬಹುದು. 1736ರಲ್ಲಿ ಸೂರತ್ತಿನ ಪಾರ್ಸಿ ಬಡಗಿ ಲವ್ಜಿ ನಸರ್‌ವಾನ್‌ಜಿ ವಾಡಿಯಾ ಮುಂಬಯಿಗೆ ಬಂದು ಹಡಗುಕಟ್ಟೆಯ ಕೆಲಸ ಹಿಡಿದ. ಅವನ ಮಕ್ಕಳು, ಮೊಮ್ಮಕ್ಕಳು ಅದೇ ಕೆಲಸ ಮುಂದುವರಿಸಿದರು. 74 ಫಿರಂಗಿಯ ಮಿಂಡೆನ್ ಹಡಗನ್ನು ಅವರು ನೀರಿಗಿಳಿಸಿದ್ದು 1810ರಲ್ಲಿ. ಮೂರು ತಲೆಮಾರು, 70 ವರ್ಷಕ್ಕೂ ಹೆಚ್ಚು ಕಾಲ ಅದಕ್ಕೆ ಬೇಕಾಯಿತು. ಟಿಪ್ಪುವಿನ ಕರಾವಳಿಯೂ 1799ರ ನಂತರ ಕಂಪನಿಯ ಕೈ ಸೇರಿತು.

ಅದೇ ಮುಂಬಯಿ ಹಡಗುಕಟ್ಟೆಯಲ್ಲಿ 1819ರಲ್ಲಿ ತೇಗದ ಒಂದು ಫ್ರಿಗೇಟ್ ಸಿದ್ಧವಾಯಿತು. 46 ಫಿರಂಗಿಯ ಆ ಹಡಗಿಗೆ ಇಟ್ಟ ಹೆಸರು ಸೆರಿಂಗಪಟಂ, ಅಂದರೆ ಇಂಗ್ಲಿಷರ ಬಾಯಲ್ಲಿ ನಮ್ಮ ಶ್ರೀರಂಗಪಟ್ಟಣ. ಅದರ ಮೂತಿಗೆ ಕೂರಿಸಿದ ಮರದ ಬೊಂಬೆಯಲ್ಲಿ ದೊಡ್ಡ ಹಕ್ಕಿಯ ಮೇಲೆ ಕೊಡೆ ಹಿಡಿದು ಕುಳಿತ ಪೇಟದ ಮನುಷ್ಯನೊಬ್ಬನಿದ್ದಾನೆ. ಅದು ಟಿಪ್ಪುವಿನ ರೂಪವೆಂದು ಹೇಳುತ್ತಾರೆ. ಆ ಬೊಂಬೆ ಈಗಲೂ ಲಂಡನ್ನಿನ ಗ್ರೀನಿಚ್‌ನ ಕಡಲ ಮ್ಯೂಸಿಯಂನಲ್ಲಿದೆ. ನಮ್ಮ ಊರಿನ ಹೆಸರು ಕೊನೆಗೂ ಯುದ್ಧನೌಕೆಯ ಮೇಲೆ ಕಡಲಿಗೆ ಇಳಿಯಿತು, ಗೆದ್ದವರ ನೌಕಾಪಡೆಯಲ್ಲಿ.

ಇಂದು ಸದಾಶಿವಗಡದ ಎದುರಿನ ಕಾರವಾರದಲ್ಲಿ ಭಾರತೀಯ ನೌಕಾಪಡೆಯ ಕದಂಬ ನೆಲೆ ಇದೆ. ಐಎನ್‌ಎಸ್ ಮೈಸೂರು ಎಂಬ ಹೆಸರಿನ ಎರಡನೆಯ ಹಡಗು ಮುಂಬಯಿಯ ಮಜಗಾಂವ್ ಹಡಗುಕಟ್ಟೆಯಲ್ಲಿ ತಯಾರಾಗಿ 1999ರಲ್ಲಿ, ಶ್ರೀರಂಗಪಟ್ಟಣ ಬಿದ್ದ 200ನೆಯ ವರ್ಷದಲ್ಲಿ, ಸೇವೆಗೆ ಸೇರಿತು. ಅಂದು ಮುಂಬಯಿ ಸೈನ್ಯ ಬೀಡುಬಿಟ್ಟಿದ್ದ ಕಣ್ಣೂರಿನ ಸೀಮೆಯ ಏಳಿಮಲೆಯಲ್ಲಿ ಈಗ ಭಾರತೀಯ ನೌಕಾ ಅಕಾಡೆಮಿ ಇದೆ. ಪಿಯುಸಿಯಲ್ಲಿ ಗಣಿತ, ಭೌತಶಾಸ್ತ್ರ ಓದಿದ ನಮ್ಮ ಹಳ್ಳಿಯ ಮಕ್ಕಳಿಗೂ ಅದರ ಬಾಗಿಲು ಪರೀಕ್ಷೆಯ ಮೂಲಕ ತೆರೆದಿದೆ. ಆ ಗಣಿತದ ಮೊದಲ ಪಾಠ ಆಗುವುದು ಇಂಥ ಶಾಲೆಯ ಎಂಟನೆಯ ತರಗತಿಯಲ್ಲಿ.

ನಮ್ಮ ಶಾಲೆಗೆ ಐವತ್ತು ವರ್ಷ ತುಂಬಿದೆ. ಈ ಐವತ್ತು ವರ್ಷದಲ್ಲಿ ಮೇಷ್ಟ್ರುಗಳು ಅದೇ ಪಾಠವನ್ನು ಬ್ಯಾಚಿನ ಮೇಲೆ ಬ್ಯಾಚಿಗೆ ಹೇಳಿಕೊಟ್ಟಿದ್ದಾರೆ, ತಪ್ಪು ತಿದ್ದಿದ್ದಾರೆ, ಮತ್ತೆ ಬರೆಸಿದ್ದಾರೆ. ಹೊರಗಿನಿಂದ ನೋಡುವವರಿಗೆ ಅದರಲ್ಲಿ ವಿಶೇಷವೇನೂ ಕಾಣದಿರಬಹುದು. 1796ರಲ್ಲಿ ಶ್ರೀರಂಗಪಟ್ಟಣದ ಬಳಿ ಹಣವಿತ್ತು, ಮರವಿತ್ತು, ಒಳ್ಳೆಯ ಯೋಜನೆಯೂ ಇತ್ತು. ಇಲ್ಲದೆ ಹೋದದ್ದು ಇಂಥ ಐವತ್ತು ವರ್ಷ.